ಸ್ಕ್ರೂಡ್ರೈವರ್‌ಗೆ ಕೇಳಿಸದ ಕಾರು

ಮಾವ ಬಾನೆಟ್ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಬದಿಯ ಶೆಡ್ಡಿನಲ್ಲಿ ನಲವತ್ತೈದು ವರ್ಷ ಬಾನೆಟ್ ಎತ್ತಿದ ಕೈ ಅದು. ಪ್ಲಗ್ ಎಲ್ಲಿ, ಡೈನಮೋ ಎಲ್ಲಿ, ಯಾವ ಬೋಲ್ಟಿಗೆ ಎಷ್ಟರ ಪಾನಾ ಬೇಕು ಅಂತ ಕರೆಂಟ್ ಹೋದ ಕತ್ತಲಲ್ಲೂ ಹೇಳುತ್ತಾನೆ. ಅಂಥವನು ನನ್ನ ಎಲೆಕ್ಟ್ರಿಕ್ ಕಾರಿನ ಮುಂದೆ, ಪರರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುವವರ ಥರ ನಿಂತಿದ್ದ. ಒಳಗೆ ಒಂದು ಮುಚ್ಚಿದ ಪೆಟ್ಟಿಗೆ. ಅದರಿಂದ ಹೊರಟ ಹೆಬ್ಬೆರಳು ದಪ್ಪದ ಕಿತ್ತಳೆ ಬಣ್ಣದ ಕೇಬಲ್ಲುಗಳು. ಮೇಲೆ ಸಿಡಿಲಿನ ಗುರುತಿನ ಹಳದಿ ಚೀಟಿ.

"ಮುಟ್ಟಬ್ಯಾಡ ಅಂತ ಮೊದ್ಲೇ ಬರ್ದಾರಲ್ಲೋ ಅಳಿಯ" ಅಂದ.

ದುಗ್ಗಮ್ಮನ ಜಾತ್ರೆಗೆ ಅಂತ ಹೈದರಾಬಾದಿನಿಂದ ಬಂದಿದ್ದೆ. ಐನೂರಕ್ಕೂ ಜಾಸ್ತಿ ಕಿಲೋಮೀಟರ್. ಕರ್ನೂಲಿನಲ್ಲಿ ಒಂದು ಸಲ, ಬಳ್ಳಾರಿಯಲ್ಲಿ ಒಂದು ಸಲ ಚಾರ್ಜ್ ಮಾಡಿಕೊಂಡು, ಚಳ್ಳಕೆರೆ ದಾಟಿ, ಚಿತ್ರದುರ್ಗದಲ್ಲಿ ಹೈವೇ ಹತ್ತಿ ಬಂದೆ. ದಾರಿಯುದ್ದಕ್ಕೂ ಒಂದು ಕಿರಿಕಿರಿ. ಗಂಟೆಗೆ ಅರವತ್ತು ದಾಟಿದರೆ ಎಲ್ಲೋ ಒಂದು ಕಡೆ ಸಣ್ಣಗೆ 'ಊಂ' ಅನ್ನುತ್ತಿತ್ತು. ಹೊರಡುವ ಮೊದಲು ಹೈದರಾಬಾದಿನಲ್ಲೇ ಸರ್ವಿಸಿಗೆ ಒಯ್ದಿದ್ದೆ. ಅಲ್ಲಿನ ಹುಡುಗ ಲ್ಯಾಪ್‌ಟಾಪ್ ಚುಚ್ಚಿ ನೋಡಿ, "ಸಾರ್, ಎರರ್ ಏನೂ ತೋರಿಸ್ತಿಲ್ಲ" ಅಂತ ಬಿಲ್ ಕೊಟ್ಟಿದ್ದ. ಕಾರಿನ ಕೆಳಗೆ ಬಗ್ಗಿಯೂ ನೋಡಲಿಲ್ಲ. ಹಾಗಾಗಿ ಮಾವನ ಶೆಡ್ಡಿಗೆ ತಂದಿದ್ದು.

ಮಾವ ಗೋಡೆಯ ಮೊಳೆಯಿಂದ ಅವನ ಸ್ಕ್ರೂಡ್ರೈವರ್ ತೆಗೆದ. ಮೊಳದುದ್ದದ್ದು. ಮರದ ಹಿಡಿ ಎಣ್ಣೆ ಕುಡಿದು ಕುಡಿದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಅದರಿಂದ ಅವನು ಸ್ಕ್ರೂ ತಿರುಗಿಸಿದ್ದನ್ನು ನಾನು ನೋಡಿಲ್ಲ. ಅದು ಅವನ ಸ್ಟೆತಸ್ಕೋಪು. ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಾನೆ. "ಎರಡನೇದರ ಟ್ಯಾಪೆಟ್ ಲೂಸ್ ಐತೆ." "ಕ್ರ್ಯಾಂಕ್ ಬೇರಿಂಗ್ ಹೋಗೈತೆ, ಇನ್ನು ಸಾವಿರ ಕಿಲೋಮೀಟರ್ ಓಡಿದ್ರೆ ಪುಣ್ಯ." ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

"ಆನ್ ಮಾಡು" ಅಂದ.

"ಆನ್ ಆಗೈತೆ ಮಾವ."

ಹುಬ್ಬು ಗಂಟು ಹಾಕಿದ. ಶೆಡ್ಡಿನೊಳಗೇ ನಾಲ್ಕು ಅಡಿ ಮುಂದೆ ನಾಲ್ಕು ಅಡಿ ಹಿಂದೆ ನಿಧಾನಕ್ಕೆ ಓಡಿಸಲು ಹೇಳಿ, ಜೊತೆಯಲ್ಲೇ ಬಗ್ಗಿಕೊಂಡು ನಡೆದ. ಕೊನೆಗೆ ಸ್ಕ್ರೂಡ್ರೈವರ್ ವಾಪಸ್ ಮೊಳೆಗೆ ಸಿಕ್ಕಿಸಿದ.

"ಏನೂ ಹೇಳಂಗಿಲ್ಲಪಾ ಇದು. ಮಾತಾಡದ ವಸ್ತು ಹೆಂಗ್ ರಿಪೇರಿ ಮಾಡೋದು?"

ಇದು ನನಗೆ ಚುಚ್ಚಿತು. ಕಾರು ಕೊಂಡಾಗ ಊರಲ್ಲೆಲ್ಲ ಬೀಗಿದ್ದವನು ನಾನೇ. "ಸದ್ದೇ ಇಲ್ಲ ಮಾವ, ಬಂದು ನೋಡು" ಅಂತ ಫೋನಿನಲ್ಲಿ ಹೇಳಿದ್ದವನೂ ನಾನೇ.

ಈ ಸದ್ದಿನ ಜಗಳ ನಮ್ಮಿಬ್ಬರ ನಡುವೆ ಹಳೆಯದು. ಶುರುವಾಗಿದ್ದು 2023ರ ಫೆಬ್ರವರಿ 11ರಂದು. ಆವತ್ತು ಹೈದರಾಬಾದಿನಲ್ಲಿ ಫಾರ್ಮುಲಾ ಇ ರೇಸ್ ಇತ್ತು. ಎಲೆಕ್ಟ್ರಿಕ್ ಕಾರುಗಳ ವಿಶ್ವ ಚಾಂಪಿಯನ್‌ಶಿಪ್ ಭಾರತಕ್ಕೆ ಬಂದಿದ್ದು ಅದೇ ಮೊದಲು. ಹುಸೇನ್ ಸಾಗರದ ದಂಡೆ, ಲುಂಬಿನಿ ಪಾರ್ಕ್, ಸೆಕ್ರೆಟೇರಿಯಟ್ ಸುತ್ತ ಸುಮಾರು 2.8 ಕಿಲೋಮೀಟರ್ ರಸ್ತೆಯನ್ನೇ ಟ್ರ್ಯಾಕ್ ಮಾಡಿದ್ದರು. ದಿನಾ ನಾನು ಆಫೀಸಿಗೆ ಹೋಗುವಾಗ ಆಟೋದವರ ಹತ್ತಿರ ಬೈಸಿಕೊಳ್ಳುವ ರಸ್ತೆ ಅದು. ಅಲ್ಲಿ ಗಂಟೆಗೆ ಇನ್ನೂರು ದಾಟಿ ಕಾರು ಓಡುವುದನ್ನು ನೋಡಿದೆ. ಹೆಂಡತಿ ಪಕ್ಕದಲ್ಲಿ ಕೂತು, ರೇಸ್ ನಡೆಯುವಾಗಲೇ, ಸಾಯಂಕಾಲ ಏನು ಅಡುಗೆ ಅಂತ ಮಾಮೂಲಿ ದನಿಯಲ್ಲಿ ಕೇಳಿದಳು. ನನಗೆ ಪೂರ್ತಿ ಕೇಳಿಸಿತು.

ಕಾರು ಬಂದಾಗ 'ಸುಂಯ್' ಅನ್ನುವ ಒಂದು ಚೂಪು ಶಬ್ದ, ಟೈರ್ ಉಜ್ಜುವ ಕಿರ್ರ್, ಗಾಳಿ ಸೀಳುವುದು. ಮುಗೀತು. ಒಂದೇ ತಂಡದ ಎರಡು ಜಾಗ್ವಾರ್ ಕಾರುಗಳು ತಿರುವಿನಲ್ಲಿ ಒಂದಕ್ಕೊಂದು ಗುದ್ದಿಕೊಂಡವು. ಆವತ್ತಿನ ದೊಡ್ಡ ಸದ್ದು ಅಂದರೆ ಅದೇ. ಗೆದ್ದಿದ್ದು ಫ್ರಾನ್ಸಿನ ಜಾನ್ ಎರಿಕ್ ವೆರ್ನ್. ಹಿಂದೆ ಅಂಟಿಕೊಂಡಿದ್ದ ನಿಕ್ ಕ್ಯಾಸಿಡಿಗಿಂತ ಅವನ ಬ್ಯಾಟರಿಯಲ್ಲಿ ಕಡಿಮೆ ಚಾರ್ಜ್ ಉಳಿದಿತ್ತು. ಆದರೂ ದಾರಿ ಬಿಡದೆ ಕೊನೆತನಕ ಎಳೆದ. ನನಗೆ ಅದು ಬಹಳ ಹಿಡಿಸಿತು. ಫಾರ್ಮುಲಾ ಇ ಅಂದರೆ ಸುಮ್ನೆ ಎಕ್ಸಿಲರೇಟರ್ ತುಳಿಯುವ ಆಟ ಅಲ್ಲ. ತಿರುವಿಗೆ ಮೊದಲೇ ಕಾಲು ತೆಗೆದು ಕಾರನ್ನು ಜಾರಲು ಬಿಡಬೇಕು. ಬ್ರೇಕ್ ಹಿಡಿದಾಗ ಮೋಟರೇ ಡೈನಮೋ ಆಗಿ ಕರೆಂಟ್ ವಾಪಸ್ ಬ್ಯಾಟರಿಗೆ ತುಂಬುತ್ತದೆ. ರೇಸಿನಲ್ಲಿ ಖರ್ಚಾಗುವುದರಲ್ಲಿ ನೂರಕ್ಕೆ ಸುಮಾರು 40 ಭಾಗ ಹೀಗೆ ಬ್ರೇಕಿನಿಂದಲೇ ಬಂದಿದ್ದು ಅಂತ ಅವರ ಲೆಕ್ಕ. ಆ ಕಾರಿನ ಹಿಂದಿನ ಚಕ್ರಗಳಿಗೆ ಮಾಮೂಲಿ ಎಣ್ಣೆ ಬ್ರೇಕೇ ಇರಲಿಲ್ಲ! ಇಳಿಜಾರು ಸಿಕ್ಕಿದ ಕೂಡಲೇ ಇಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ನಮ್ಮೂರಿನ ಆಟೋದವರನ್ನು ಅಲ್ಲಿ ಕೂರಿಸಿದ್ದರೆ ಪೋಡಿಯಂ ಗ್ಯಾರಂಟಿ.

ಖುಷಿಯಲ್ಲಿ ಒಂದು ವಿಡಿಯೋ ಮಾಡಿ ಮಾವನಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಫೋನ್ ಬಂತು.

"ಸೌಂಡ್ ಬರ್ತಿಲ್ಲಲ್ಲೋ. ಮತ್ತೊಂದ್ಸಲ ಕಳ್ಸು."

"ಬರೋದೇ ಅಷ್ಟು ಮಾವ."

"ಹಂಗಾದ್ರೆ ರೇಸ್ ಎಲ್ಲೈತೆ?"

ಆವತ್ತು ನಕ್ಕಿದ್ದೆ. ಹಳೇ ತಲೆ ಅಂದುಕೊಂಡಿದ್ದೆ. ಮುಂದಿನ ಕಾಲ ಹುಸೇನ್ ಸಾಗರದ ದಂಡೆಗೆ ಬಂದು ಹೋಯಿತು, ಇವರು ಇನ್ನೂ ದಾವಣಗೆರೆಯ ಗುಂಡಿ ಸರ್ಕಲ್ಲಿನಲ್ಲೇ ಇದ್ದಾರೆ ಅಂತ. ಊರು ಬಿಟ್ಟು ಹದಿನಾಲ್ಕು ವರ್ಷ ಆದವನಿಗೆ ಊರಿನ ಮೇಲೆ ಇಂಥ ತೀರ್ಪು ಬಲು ಸಲೀಸಾಗಿ ಬರುತ್ತದೆ.

ಆದರೆ ಮಾವ ಕೇಳಿದ್ದು ಹೋಗಲಿಲ್ಲ. ತಲೆಯಲ್ಲೇ ಉಳಿಯಿತು. ಯಾಕೆಂದರೆ ನಾನು ನೋಡಿದ ಮೊದಲ ರೇಸ್ ಅವನದೇ.

ನಾನು ಆಗ ಆರನೇ ಕ್ಲಾಸು. ಊರಾಚೆಯ ಮೈದಾನದಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ, ಸುತ್ತ ಮರಳಿನ ಚೀಲ ಪೇರಿಸಿ, ಬೈಕ್ ರೇಸ್ ಇಟ್ಟಿದ್ದರು. ಮಾವನ ಶೆಡ್ಡಿನಿಂದ ಒಂದು ಯಮಹಾ ಆರ್‌ಎಕ್ಸ್ 100 ಹೋಗಬೇಕಿತ್ತು. ಕಂಪನಿ ಕೊಟ್ಟಿದ್ದು 98 ಸಿಸಿ, 11 ಕುದುರೆ. ಮಾವ ಅದರೊಳಗೆ ಇನ್ನೂ ಒಂದೆರಡು ಕುದುರೆ ಅಡಗಿವೆ ಅಂತ ನಂಬಿದ್ದ. ಒಂದು ವಾರ ರಾತ್ರಿ ಊಟ ಮುಗಿಸಿ ಶೆಡ್ಡಿಗೆ ಹೋಗುತ್ತಿದ್ದ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಸಿಲಿಂಡರ್ ಬಿಚ್ಚಿ, ಹೊಗೆ ಹೋಗುವ ಪೋರ್ಟನ್ನು ಇಲಿಬಾಲದ ಅರದಿಂದ ಉಜ್ಜುತ್ತಿದ್ದ. ಒಂದು ಸಲ ಉಜ್ಜಿ, ಬೆರಳು ಹಾಕಿ ಸವರಿ, ಮತ್ತೆ ಉಜ್ಜುವುದು. ಪೋರ್ಟ್ ಕೂದಲೆಳೆ ಎತ್ತರಿಸಿದರೆ ಮೇಲಿನ ಸ್ಪೀಡಿನಲ್ಲಿ ಜೋರು ಬರುತ್ತದೆ, ಜಾಸ್ತಿ ಎತ್ತರಿಸಿದರೆ ಕೆಳಗೆ ಸತ್ತುಹೋಗುತ್ತದೆ. ಅಳತೆಗೆ ಅವನ ಹತ್ತಿರ ಇದ್ದಿದ್ದು ಅವನ ತೋರುಬೆರಳು. ಹೆಡ್ಡನ್ನು ಪಕ್ಕದ ಶೆಡ್ಡಿನವರ ಹರಿಹರದ ಕಿರ್ಲೋಸ್ಕರ್ ಲೇತಿನಲ್ಲಿ ಒಂದು ಎಳೆ ತೆಗೆಸಿದ. ಕಾರ್ಬೊರೇಟರಿಗೆ ಪೆಟ್ರೋಲಿನ ಅಳತೆ ಹಿಡಿಯುವ ಜೆಟ್ ಮೂರು ಥರದ್ದು ಹಾಕಿ ನೋಡಿದ. ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಕರ್ರಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ಬೆಲ್ಲದ ಬಣ್ಣ ಬಂದರೆ ಸರಿ. ಕೊನೆಗೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಜೊತೆ ಹರಳೆಣ್ಣೆ. ಇವತ್ತಿಗೂ ಯಾರ ಮನೆಯಲ್ಲಾದರೂ ಹರಳೆಣ್ಣೆ ಕಾದರೆ ನನಗೆ ನೆನಪಾಗುವುದು ಅಜ್ಜಿಯ ಎಣ್ಣೆಸ್ನಾನ ಅಲ್ಲ, ಆ ಮೈದಾನ.

ರೇಸಿನ ದಿನ ನನಗೆ ಏನೂ ಕಾಣಲಿಲ್ಲ. ಮುಂದೆ ಜನ, ಅದರ ಮುಂದೆ ಧೂಳು. ಮಾವ ನನ್ನನ್ನು ಹೆಗಲ ಮೇಲೂ ಕೂರಿಸಲಿಲ್ಲ. "ಕಣ್ಣು ಮುಚ್ಕೋ, ಕೇಳು" ಅಂದ. ಆ ಕಡೆ ತಿರುವಿನಲ್ಲಿ ಒಂದು ಗಾಡಿ ಗೇರ್ ಇಳಿಸುತ್ತಿತ್ತು. "ಅದು ಯೆಜ್ಡಿ. ಇದು ನೋಡು, ಮಿಸ್ಸಿಂಗ್ ಹೊಡೀತೈತೆ, ಎರಡು ಸುತ್ತು ಅಷ್ಟೇ." ಎರಡನೇ ಸುತ್ತಿಗೆ ಅದು ನಿಂತಿತು. ಆಮೇಲೆ ಕಣಜ ಡಬ್ಬಿಯೊಳಗೆ ಸಿಕ್ಕಿಕೊಂಡಂಥ ಒಂದು ಸದ್ದು, ಏರುತ್ತಾ ಏರುತ್ತಾ ಬಂತು. ಮಾವ ನನ್ನ ಭುಜ ಅದುಮಿದ. "ನಮ್ದು" ಅಂದ. ನಮ್ಮದು ಮೂರನೆಯದಾಗಿ ಬಂತು. ಬಹುಮಾನ ಒಂದು ಸ್ಟೀಲ್ ಡಬ್ಬಿ ಸೆಟ್ಟು. ಅತ್ತೆ ಈಗಲೂ ಅದರಲ್ಲಿ ಮಂಡಕ್ಕಿ ತುಂಬಿಡುತ್ತಾಳೆ.

ನನ್ನ ತಕರಾರು ಇಲ್ಲಿದೆ. ಎಲೆಕ್ಟ್ರಿಕ್ ಒಳ್ಳೆಯದೋ ಪೆಟ್ರೋಲ್ ಒಳ್ಳೆಯದೋ ಅಂತ ವಾದ ಮಾಡುವವರು ಸ್ಪೀಡು, ಹೊಗೆ, ಖರ್ಚು ಅಂತ ಲೆಕ್ಕ ಹಾಕುತ್ತಾರೆ. ರೇಸ್ ಹುಟ್ಟುವುದು ಎಲ್ಲಿ ಅಂತ ಕೇಳುವವರು ಕಡಿಮೆ. ಅದು ಹುಟ್ಟುವುದು ಶೆಡ್ಡಿನಲ್ಲಿ. ಕಂಪನಿ ಕೊಟ್ಟ ವಸ್ತು ಬಿಚ್ಚಿ, ಇದಕ್ಕಿಂತ ನಾನು ಚೆನ್ನಾಗಿ ಮಾಡ್ತೀನಿ ಅನ್ನುವ ಕೊಬ್ಬಿನಲ್ಲಿ. ಹೈಸ್ಕೂಲು ಫೇಲಾದ ಹುಡುಗನೂ ಅರ ಹಿಡಿದು ಯಮಹಾದ ಇಂಜಿನಿಯರುಗಳ ಜೊತೆ ಪಂದ್ಯ ಕಟ್ಟಬಹುದಿತ್ತು. ನನ್ನ ಕಾರಿನ ಮೇಲಿರುವುದು ಸಿಡಿಲಿನ ಚೀಟಿ. ಅದು ಸುಳ್ಳು ಚೀಟಿಯೂ ಅಲ್ಲ, ಆ ಕಿತ್ತಳೆ ಕೇಬಲ್ಲಿನಲ್ಲಿ ಮುನ್ನೂರು ವೋಲ್ಟಿಗೂ ಜಾಸ್ತಿಯ ಕರೆಂಟ್ ಹರಿಯುತ್ತದೆ. ಅರ ಹಾಕಿದವನು ಉಳಿಯುವುದಿಲ್ಲ.

ಮೇಲಿನ ಮಟ್ಟದಲ್ಲೂ ಇದೇ ಕಥೆ. ಫಾರ್ಮುಲಾ ಇ ಯಲ್ಲಿ ಎಲ್ಲರದೂ ಒಂದೇ ಚಾಸಿ, ಒಂದೇ ಬ್ಯಾಟರಿ, ಒಂದೇ ಕಂಪನಿಯ ಟೈರು. ತಂಡಗಳು ತಾವೇ ಮಾಡಿಕೊಳ್ಳುವುದು ಹಿಂದಿನ ಮೋಟರು, ಗೇರ್‌ಬಾಕ್ಸು, ಇನ್ವರ್ಟರು, ಮತ್ತೆ ಇದನ್ನೆಲ್ಲ ಆಡಿಸುವ ಸಾಫ್ಟ್‌ವೇರು. ಖರ್ಚು ಕಡಿಮೆ ಮಾಡಲು ಅಂತ ಹೇಳುತ್ತಾರೆ, ನಿಜವೂ ಇರಬಹುದು. ಆದರೆ ಗೆಲುವು ಕೂತಿರುವುದು ಯಾರಿಗೂ ಕಾಣದ ಕೋಡಿನಲ್ಲಿ. ನಾನೂ ಸಾಫ್ಟ್‌ವೇರಿನವನೇ. ನನಗೇ ಅದರ ಮೇಲೆ ಭಕ್ತಿ ಹುಟ್ಟಲಿಲ್ಲ. ಕೀಬೋರ್ಡು ಕುಟ್ಟುವುದನ್ನು ನೋಡಲು ಯಾರಾದರೂ ಟಿಕೆಟ್ ತಗೊಳ್ತಾರಾ?

ಸದ್ದು ಹೋದರೆ ಜನ ಹೋಗುತ್ತಾರೆ ಅನ್ನುವುದಕ್ಕೆ ನಮ್ಮ ಮಾವನೊಬ್ಬನೇ ಸಾಕ್ಷಿ ಅಲ್ಲ. ಫಾರ್ಮುಲಾ ಒನ್ನಿನಲ್ಲಿ 2013ರವರೆಗೆ ನಿಮಿಷಕ್ಕೆ 18,000 ಸುತ್ತು ತಿರುಗುವ ವಿ8 ಎಂಜಿನ್ ಇತ್ತು. 2014ರಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆ ಎಲೆಕ್ಟ್ರಿಕ್ ಮೋಟರೂ ಇರುವ 1.6 ಲೀಟರಿನ ಟರ್ಬೊ ಹೈಬ್ರಿಡ್ ತಂದರು. ಮೊದಲ ರೇಸಿನಿಂದಲೇ ಗಲಾಟೆ, ಸದ್ದು ಸತ್ತಿತು ಅಂತ. ಸದ್ದು ಹೆಚ್ಚಿಸಲು ಸೈಲೆನ್ಸರ್ ಕೊಳವೆಗೆ ಕಹಳೆಯ ಬಾಯಿ ಕೂಡ ಸಿಕ್ಕಿಸಿ ನೋಡಿದರು, ಕೈಬಿಟ್ಟರು. ಬೈಕಿನಲ್ಲಿ ಮೋಟೊ ಇ ಅಂತ ಎಲೆಕ್ಟ್ರಿಕ್ ರೇಸ್ 2019ರಲ್ಲಿ ಶುರು ಮಾಡಿದರು. ಡುಕಾಟಿಯಂಥವರು ಬೈಕ್ ಮಾಡಿಕೊಟ್ಟರು. ಜನ ಕೂಡಲಿಲ್ಲ. 2025ಕ್ಕೆ ನಿಲ್ಲಿಸಿದರು. ಹೈದರಾಬಾದಿನ ರೇಸೂ ಅಷ್ಟೇ. 2024ರಲ್ಲಿ ಮತ್ತೆ ಬರಬೇಕಿತ್ತು. ನಡುವೆ ಸರ್ಕಾರ ಬದಲಾಯಿತು, ರೇಸ್ ರದ್ದಾಯಿತು. ಬ್ಯಾರಿಕೇಡು ಹಾಕಿದ್ದ ಜಾಗದಲ್ಲಿ ಈಗ ನಾನು ಮತ್ತೆ ಆಟೋದವರ ಹತ್ತಿರ ಬೈಸಿಕೊಳ್ಳುತ್ತೇನೆ. ನಗರಕ್ಕೆ ಮೇಲಿನಿಂದ ಇಳಿದ ಹಬ್ಬ ಅದು. ಮೇಲಿನವರಿಗೆ ಬೇಡ ಅನ್ನಿಸಿದಾಗ ಎದ್ದು ಹೋಯಿತು. ಅದಕ್ಕಾಗಿ ನಮ್ಮ ಬೀದಿಯಲ್ಲಿ ಒಬ್ಬ ಹುಡುಗನೂ ಅತ್ತಿದ್ದು ನಾನು ಕಾಣೆ.

ಜಾತ್ರೆಯ ಮಾರನೇ ದಿನ ಬೆಣ್ಣೆ ದೋಸೆ ತಿನ್ನುತ್ತಾ ಇದನ್ನೇ ಮಾವನ ಮುಂದೆ ಇಟ್ಟೆ. ನಾನು ಪಕ್ಷ ಬದಲಾಯಿಸಿದ್ದು ಅವನಿಗೆ ಭಾರಿ ಖುಷಿ. "ಹೊನ್ನಾಳಿ ಕಡೆ ನೋಡಿಲ್ವಾ? ಎತ್ತು ಹೊಲ ಬಿಟ್ಟು ಎಷ್ಟು ವರ್ಷ ಆತು? ಎಲ್ಲಾ ಟ್ರ್ಯಾಕ್ಟರೇ. ಹೋರಿ ಹಬ್ಬ ಬಿಟ್ಟಾರಾ?" ಬಿಟ್ಟಿಲ್ಲ. ನೇಗಿಲು ಕಾಣದ ಹೋರಿಗೆ ಹುರುಳಿ, ಮೊಟ್ಟೆ, ಹಾಲು. ಒಂದು ಹೋರಿ ಸಾಕುವ ದುಡ್ಡಿನಲ್ಲಿ ಒಂದು ಮಗುವಿನ ಕಾನ್ವೆಂಟ್ ಫೀಸು ಕಟ್ಟಬಹುದು. ಕೊಬ್ಬರಿ ಹಾರ ಕಟ್ಟಿ ಓಟಕ್ಕೆ ಬಿಟ್ಟಾಗ ಜನ ನಿಲ್ಲಲು ಜಾಗ ಇರುವುದಿಲ್ಲ. ಪೆಟ್ರೋಲ್ ಎಂಜಿನ್ನೂ ಹಾಗೇ ಆಗುತ್ತದೆ ಅಂತ ಮಾವನ ವಾದ. ರಸ್ತೆ ನಿಮ್ಮ ಕಾರು ತಗೊಳ್ಳಲಿ, ಮೈದಾನ ನಮಗೆ ಬಿಡಿ.

ನಾನು ಒಪ್ಪಿದೆ. ಪೂರ್ತಿ ಒಪ್ಪಿದೆ. ದೋಸೆಯ ಮೇಲಿನ ಬೆಣ್ಣೆಯ ಪ್ರಭಾವವೂ ಇರಬಹುದು.

ಹಾಗಂತ ಊರಿನವರ ಮೇಲೆ ಸಿಟ್ಟಿಲ್ಲ ಅಂತಲ್ಲ. ಇದ್ದ ನಾಲ್ಕು ದಿನದಲ್ಲಿ ಹತ್ತಾರು ಜನ ಕಾರು ನೋಡಿದರು. ಎಲ್ಲರದೂ ಎರಡೇ ಪ್ರಶ್ನೆ. ಫುಲ್ ಚಾರ್ಜಿಗೆ ಎಷ್ಟು ಓಡ್ತದೆ? ಬ್ಯಾಟರಿ ಹೋದ್ರೆ ಎಷ್ಟು? ಉತ್ತರ ಹೇಳುವ ಮೊದಲೇ "ಆಗಂಗಿಲ್ಲ ಬಿಡಿ" ಅನ್ನುತ್ತಾರೆ. ಅವರ ಮನೆ ಮುಂದೆಯೇ ಎಲೆಕ್ಟ್ರಿಕ್ ಸ್ಕೂಟರ್ ನಿಂತಿರುತ್ತದೆ! ಭಾರತದ ಮೊದಲ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ರಸ್ತೆಗಿಳಿದಿದ್ದು ನಮ್ಮ ಬೆಂಗಳೂರಿನಿಂದ. ಆಮೇಲೆ 2010ರಲ್ಲಿ ಅದನ್ನು ಮಹೀಂದ್ರಾದವರು ಕೊಂಡರು. ಅದೇ ಮಹೀಂದ್ರಾ ಫಾರ್ಮುಲಾ ಇ ಯಲ್ಲಿ ಮೊದಲ ಸೀಸನ್ನಿನಿಂದ ಓಡುತ್ತಿರುವ ಭಾರತದ ತಂಡ. ಹೈದರಾಬಾದಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ನಾನೇ ಹೇಳಿಕೊಂಡು ತಿರುಗಿದೆ. ದಾವಣಗೆರೆಯಲ್ಲೂ ಯಾರಿಗೂ ಗೊತ್ತಿಲ್ಲ. ಚಿತ್ರದುರ್ಗದ ಹತ್ತಿರ ಬರುವಾಗ ಕೋಟೆಗಿಂತ ಮೊದಲು ಕಾಣುವುದು ಗುಡ್ಡದ ಮೇಲಿನ ಗಾಳಿಯಂತ್ರಗಳು. ನಮ್ಮ ಗಾಳಿ, ನಮ್ಮ ಗುಡ್ಡ. ಪೆಟ್ರೋಲಿಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಭಾಗಕ್ಕೂ ಜಾಸ್ತಿ ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಇಷ್ಟಾದರೂ ಯಾವುದು ನಮ್ಮದು ಅಂತ ಕೇಳಿದರೆ ನಮ್ಮವರು ಪೆಟ್ರೋಲ್ ಬಂಕಿನ ಕಡೆ ಬೆರಳು ತೋರಿಸುತ್ತಾರೆ.

ಮತ್ತೆ ಆ ಸೈಲೆನ್ಸರ್ ಕಿತ್ತ ಬೈಕುಗಳು. ರಾತ್ರಿ ಹನ್ನೊಂದಕ್ಕೆ ವಿದ್ಯಾನಗರದ ರಸ್ತೆಯಲ್ಲಿ ಪಟಾರ್ ಪಟಾರ್ ಅಂತ. ಸದ್ದೇ ಸ್ಪೀಡು ಅಂದುಕೊಂಡ ಮಂದಿ. ಸ್ಪೀಡು ನೋಡಿದರೆ ನಲವತ್ತು! ಮಾವನನ್ನು ಕೇಳಿದರೆ "ಅವ್ರಿಗೆ ಟ್ಯೂನಿಂಗ್ ಗೊತ್ತಿಲ್ಲ, ಬರೀ ಕೂಗಾಟ" ಅಂತ ಮುಖ ತಿರುಗಿಸುತ್ತಾನೆ.

ಅತ್ತೆಗೆ ಬೇರೆ ಚಿಂತೆ. ವರ್ಷದಿಂದ ಟಿವಿ ಸೌಂಡ್ ಜಾಸ್ತಿಯಾಗುತ್ತಿದೆ. ಕುಕ್ಕರ್ ಸೀಟಿ ಹೊಡೆದರೆ ಪಕ್ಕದಲ್ಲೇ ಕೂತ ಮಾವನಿಗೆ ಗೊತ್ತಾಗುವುದಿಲ್ಲ. "ನೀನಾದ್ರೂ ಕರ್ಕೊಂಡ್ ಹೋಗು, ನನ್ ಮಾತು ಕೇಳಂಗಿಲ್ಲ ಇವ್ರು" ಅಂದಳು. ಎರಡು ಅರ್ಥದಲ್ಲೂ ನಿಜ. ಕಾರು ತೋರಿಸುವ ನೆವದಲ್ಲಿ ಕೂರಿಸಿಕೊಂಡು ಕಿವಿ ಪರೀಕ್ಷೆಗೆ ಒಯ್ದೆ. ಗಾಜಿನ ಕೋಣೆಯಲ್ಲಿ ಕೂತು, ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ಹೊರಗಿನಿಂದ ನೋಡುತ್ತಿದ್ದೆ. ಮೊದಲು ಬೇಗ ಬೇಗ ಒತ್ತಿದ. ಆಮೇಲೆ ಸುಮ್ಮನಾದ. ಪರೀಕ್ಷೆ ಮುಗಿಯಿತು ಅಂದುಕೊಂಡು ಏಳಲು ಹೋದ. ಮುಗಿದಿರಲಿಲ್ಲ. ಶಬ್ದ ಬರುತ್ತಲೇ ಇತ್ತು.

ಪರೀಕ್ಷೆ ಮಾಡಿದ ಹುಡುಗಿ ನನಗೆ ಗ್ರಾಫ್ ತೋರಿಸಿದಳು. ಗೆರೆ ಎಡಗಡೆ ಸಮತಟ್ಟಾಗಿ ಬಂದು, 4,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂತೆ ಇಳಿದಿತ್ತು. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಮೊದಲು ಹೋಗುವುದೇ ಆ ಜಾಗವಂತೆ. ದಪ್ಪ ಸದ್ದು ಕೇಳುತ್ತದೆ, ಚೂಪು ಸದ್ದು ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. "ಏನ್ ಕೆಲಸ ಮಾಡ್ತಾರೆ?" ಅಂತ ಕೇಳಿದಳು. ಹೇಳಿದೆ. ತಲೆ ಆಡಿಸಿದಳು.

ವಾಪಸ್ ಬರುವಾಗ ನನಗೆ ಒಂದೊಂದೇ ಹೊಳೆಯತೊಡಗಿತು. ಎಲೆಕ್ಟ್ರಿಕ್ ಮೋಟರಿನ ಸದ್ದು ಚೂಪು. ಹುಸೇನ್ ಸಾಗರದ ವಿಡಿಯೋದಲ್ಲಿದ್ದದ್ದೂ ಅದೇ 'ಸುಂಯ್'. "ಸೌಂಡ್ ಬರ್ತಿಲ್ಲ" ಅಂತ ಮಾವ ಆವತ್ತು ತಮಾಷೆ ಮಾಡಿದ್ದಲ್ಲ. ಅವನಿಗೆ ನಿಜವಾಗಿಯೂ ಬಂದಿರಲಿಲ್ಲ.

ಹಾಗಾಗಿ ಒಂದಿಷ್ಟು ಮಾತು ಈಗ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಕಾರು ಗಂಟೆಗೆ ನೂರು ಕಿಲೋಮೀಟರ್ ದಾಟಿದ್ದು ಮೊದಲು ಪೆಟ್ರೋಲಿನಲ್ಲಿ ಅಲ್ಲ, ಬ್ಯಾಟರಿಯಲ್ಲಿ. 1899ರಲ್ಲಿ, ಪ್ಯಾರಿಸ್ ಹತ್ತಿರ, ಕಮಿಲ್ ಜೆನಾಟ್ಜಿ ಅನ್ನುವ ಬೆಲ್ಜಿಯಂನವನು ಓಡಿಸಿದ್ದು. ಅಂದರೆ ಎಲೆಕ್ಟ್ರಿಕ್ ರೇಸ್ ಈಗಿನ ಶೋಕಿ ಅಲ್ಲ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತುವ ರೇಸಿನಲ್ಲಿ 2018ರಲ್ಲಿ ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ಕಾರು ಎಲ್ಲ ಪೆಟ್ರೋಲ್ ಕಾರುಗಳ ದಾಖಲೆ ಮುರಿದು, ಎಂಟು ನಿಮಿಷದೊಳಗೆ ತುದಿ ಮುಟ್ಟಿತು. ಮೇಲೆ ಹೋದಂತೆ ಗಾಳಿ ತೆಳ್ಳಗಾಗಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಮೋಟರಿಗೆ ಉಸಿರೇ ಬೇಕಿಲ್ಲ. ಫಾರ್ಮುಲಾ ಇ 2014ರಲ್ಲಿ ಬೀಜಿಂಗಿನಲ್ಲಿ ಶುರುವಾದಾಗ ಬ್ಯಾಟರಿ ಅರ್ಧ ರೇಸಿಗೇ ಮುಗಿಯುತ್ತಿತ್ತು. ಚಿತ್ರದುರ್ಗದಲ್ಲಿ ಬಸ್ ಬದಲಿಸುವವರ ಥರ ಡ್ರೈವರುಗಳು ಇಳಿದು ಇನ್ನೊಂದು ಕಾರು ಹತ್ತುತ್ತಿದ್ದರು. ನಾಲ್ಕೇ ಸೀಸನ್ನಿನಲ್ಲಿ ಅದು ಹೋಯಿತು. ಈಗ 2026ರಿಂದ ಫಾರ್ಮುಲಾ ಒನ್ನಿನಲ್ಲೇ ಎಲೆಕ್ಟ್ರಿಕ್ ಮೋಟರಿನ ಪಾಲು 120 ಕಿಲೋವ್ಯಾಟಿನಿಂದ 350ಕ್ಕೆ ಏರಿದೆ. ಹೆಚ್ಚುಕಡಿಮೆ ಅರ್ಧಕ್ಕರ್ಧ. ಮೈದಾನ ನಮಗೆ ಬಿಡಿ ಅಂತ ಮಾವ ಕೇಳಿದ್ದನ್ನು ಅವರೂ ಪೂರ್ತಿ ಕೊಟ್ಟಿಲ್ಲ.

ಶೆಡ್ಡು ಸತ್ತೇ ಹೋಗುತ್ತದೆ ಅಂತ ನಾನು ಅಂದಿದ್ದೂ ಸ್ವಲ್ಪ ಜಾಸ್ತಿಯಾಯಿತೇನೋ. ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ತಾವೇ ಕಾರು ಕಟ್ಟಿಕೊಂಡು ಕೊಯಮತ್ತೂರಿನ ಫಾರ್ಮುಲಾ ಭಾರತ್ ಪಂದ್ಯಕ್ಕೆ ಹೋಗುತ್ತಾರಲ್ಲ, ಅಲ್ಲಿ ಎಲೆಕ್ಟ್ರಿಕ್ಕಿಗೇ ಬೇರೆ ವಿಭಾಗ ಇದೆ. ಅವರು ಕಾಲೇಜಿನವರು, ದುಡ್ಡಿರುತ್ತದೆ ಅಂತ ತಳ್ಳಿಹಾಕಬಹುದಿತ್ತು. ಆದರೆ ಮಾವನ ಶೆಡ್ಡಿನಲ್ಲೇ ಕೆಲಸಕ್ಕಿರುವ ಹುಡುಗನನ್ನು ಏನು ಮಾಡುವುದು? ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿ ಎರಡು ಸಲ. ಗುಜರಿಯಿಂದ ಅಪಘಾತವಾದ ಎಲೆಕ್ಟ್ರಿಕ್ ಸ್ಕೂಟರಿನ ಹಿಂದಿನ ಚಕ್ರ ತಂದಿದ್ದಾನೆ, ಮೋಟರ್ ಅದರೊಳಗೇ ಇದೆ. ಅದನ್ನು ಹಳೇ ಲೂನಾ ಚಾಸಿಗೆ ಕೂರಿಸಲು ನೋಡುತ್ತಿದ್ದಾನೆ. ಕಂಟ್ರೋಲರ್ ಡಬ್ಬಿ ಬಿಚ್ಚಿ, ಮೊಬೈಲಿನಲ್ಲಿ ಏನೋ ನೋಡಿಕೊಂಡು, ಸೋಲ್ಡರ್ ಮಾಡುತ್ತಿದ್ದ. ಮಾವ ಕಂಡರೂ ಕಾಣದ ಹಾಗೆ ಇದ್ದಾನೆ. "ಅವ್ನ ಆಟ ಅದು. ಡ್ಯೂಟಿ ಮುಗಿದ್ಮೇಲೆ ಮಾಡ್ಕೊಳ್ಲಿ" ಅಂತ.

ಹೊರಡುವ ದಿನ ಬೆಳಿಗ್ಗೆ ಟೈರಿಗೆ ಗಾಳಿ ನೋಡಿಸಲು ಶೆಡ್ಡಿಗೆ ಹೋದೆ. 'ಊಂ' ಹಾಗೇ ಇತ್ತು. ಮಾವ ಚಹಾ ಕುಡಿಯುತ್ತಿದ್ದ. ಹುಡುಗ ಏನೂ ಕೇಳದೆ ಜಾಕ್ ಹಾಕಿ ಮುಂದಿನ ಎಡಚಕ್ರ ಎತ್ತಿದ. ಕೈಯಿಂದ ಜೋರಾಗಿ ತಿರುಗಿಸಿ ಬಿಟ್ಟ. ಮಾವನ ಕಡೆ ಒಂದು ಸಲ ನೋಡಿ, ಗೋಡೆಯ ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡ. ತುದಿಯನ್ನು ಚಕ್ರದ ಹಿಂದೆ ಹಬ್ಬಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿದ. ಥೇಟ್ ಮಾವನ ಹಾಗೆ. ಮತ್ತೊಮ್ಮೆ ತಿರುಗಿಸಿದ.

"ಮೇಸ್ತ್ರಿ, ಬೇರಿಂಗ್. ಕರಕರ ಅಂತೈತೆ. ಬೇರೆ ಗಾಡಿ ಆಗಿದ್ರೆ ಎಂಜಿನ್ ಸದ್ದಲ್ಲಿ ಮುಚ್ಚಿ ಹೋಗೋದು. ಇದ್ರಲ್ಲಿ ಎದ್ದು ಕೇಳ್ತೈತೆ."

ಮಾವ ಲೋಟ ಕೆಳಗಿಟ್ಟು ಎದ್ದು ಬಂದ. ಅವನ ಕೈಯಿಂದ ಸ್ಕ್ರೂಡ್ರೈವರ್ ಇಸ್ಕೊಂಡ. ಬಗ್ಗಿದ. ಹುಡುಗ ಚಕ್ರ ತಿರುಗಿಸಿದ. ಚಕ್ರ ನಿಲ್ಲುವವರೆಗೂ ಮಾವ ಅಲ್ಲಾಡಲಿಲ್ಲ.

"ಇನ್ನೊಂದ್ಸಲ ತಿರುಗ್ಸಲೇ" ಅಂದು, ಹಿಡಿಯನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ.